ಮೊದಲು ಮಗನ ಮೈ ನೋಡು, ಆಮೇಲೆ ಯಂತ್ರ

ಕಣ್ಣಿನಲ್ಲೇ ನಡೆಸುವ ಕಂಪ್ಯೂಟರ್ ಬಂದಿದೆಯಂತೆ, ಸಾಲ ಮಾಡಿಯಾದರೂ ಮಗನಿಗೆ ಕೊಡಿಸುತ್ತೇನೆ ಅಂದೆಯಲ್ಲ, ಮಗಳೇ. ಸ್ವಲ್ಪ ತಡಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಪಾಠ ಹೇಳಿಕೊಂಡೇ ನನಗೆ ವಯಸ್ಸಾಯಿತು, ಆ ಸಲುಗೆಯಿಂದ ಹೇಳುತ್ತಿದ್ದೇನೆ. ಯಂತ್ರ ಆರಿಸುವುದು ಕಡೆಯ ಕೆಲಸ. ದಣಿವಿಲ್ಲದೆ, ಬೇಕೆಂದಾಗ, ಮತ್ತೆ ಮತ್ತೆ ಅವನು ಮಾಡಬಲ್ಲ ಒಂದು ಚಲನೆ ಯಾವುದು ಅಂತ ಮೊದಲು ಹುಡುಕು.

ಅದು ಬೆರಳಿನದೇ ಆಗಬೇಕೆಂದಿಲ್ಲ. ಮೊಣಕಾಲು ಪಕ್ಕಕ್ಕೆ ಒತ್ತುವುದಿರಬಹುದು, ತಲೆ ವಾಲಿಸುವುದಿರಬಹುದು. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಮಾತು ಕಳೆದುಕೊಂಡ ಮೇಲೆ ಕೈಯಲ್ಲೊಂದು ಗುಂಡಿ ಒತ್ತಿ ಪದ ಆರಿಸುತ್ತಿದ್ದರು. ಆ ಕೈಯೂ ಸೋತಾಗ ಕನ್ನಡಕಕ್ಕೆ ಕೂರಿಸಿದ ಸೆನ್ಸರ್ ಅವರ ಕೆನ್ನೆಯ ಅಲುಗಾಟವನ್ನು ಗುರುತಿಸತೊಡಗಿತು. ಮೈ ಏನು ಕೊಡಬಲ್ಲದೋ ಅದಕ್ಕೆ ಯಂತ್ರ ಹೊಂದಿಕೊಂಡಿತು. ಅವರಿಗಾಗಿ ಇಂಟೆಲ್‌ನವರು ಸಿದ್ಧಪಡಿಸಿದ ತಂತ್ರಾಂಶ 2015ರಿಂದ ಎಲ್ಲರಿಗೂ ಉಚಿತ.

ಕಣ್ಣಿನ ಯಂತ್ರ ಬೇಡವೆಂದಲ್ಲ. ಆದರೆ ತಲೆ ನಿಲ್ಲದ ಮಕ್ಕಳಿಗೆ ಅದು ಬಹಳ ಸತಾಯಿಸುತ್ತದೆ. ಅವನನ್ನೇ ಎದುರು ಕೂರಿಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡ.

ಇವತ್ತೇ ಮಾಡಬಹುದಾದದ್ದು ಬೇಕಾದಷ್ಟಿದೆ. ಅವನ ಕಾಲ ಕೆಳಗೆ ಒಂದು ಮಣೆ ಇಡು. ಪಾದ ಊರದೆ ತೂಗುತ್ತಿದ್ದರೆ ಮೈಯೆಲ್ಲ ಬಿಗಿದುಕೊಳ್ಳುತ್ತದೆ, ಬೆರಳು ಹೇಳಿದಂತೆ ಕೇಳುವುದಿಲ್ಲ. ಆಮೇಲೆ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತು. ಸ್ಟಿಕಿ ಕೀಸ್ ಬೇಕೇ ಎಂದು ವಿಂಡೋಸ್ ಕೇಳುತ್ತದೆ, ಹೌದು ಅನ್ನು. ಕನ್ನಡ ಬರೆಯುವವರಿಗೆ ಇದು ದೊಡ್ಡ ಉಪಕಾರ. ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು, ಒಂದೇ ಬೆರಳಲ್ಲಿ ಬರೆಯುವ ಹುಡುಗ ಎರಡು ಕೀಲಿ ಒಟ್ಟಿಗೆ ಹೇಗೆ ಒತ್ತಿಯಾನು? ಇನ್ನು ಮೇಲೆ ಶಿಫ್ಟ್ ಒತ್ತಿ, ಕೈ ತೆಗೆದು, ಸುಧಾರಿಸಿಕೊಂಡು, ಕ ಒತ್ತಿದರೂ ಖ ಬರುತ್ತದೆ. ಕೈ ನಡುಗಿ ಒಂದೇ ಅಕ್ಷರ ಸಾಲುಗಟ್ಟಿ ಬೀಳುತ್ತಿದ್ದರೆ ವಿಂಡೋಸಿನಲ್ಲೇ ಇರುವ ಫಿಲ್ಟರ್ ಕೀಸ್ ಹಾಕು.

ಕೀಗಾರ್ಡ್ ಅಂತ ಒಂದಿದೆ. ಕೀಬೋರ್ಡಿನ ಮೇಲೆ ಕೂರುವ ಅಕ್ರಿಲಿಕ್ ಹಾಳೆ, ಪ್ರತಿ ಕೀಲಿಯ ಮೇಲೂ ಒಂದು ತೂತು. ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ ಅಳತೆ ಕೊಟ್ಟರೆ ಕತ್ತರಿಸಿಕೊಡುತ್ತಾರೆ. ಮಗು ಅಂಗೈಯನ್ನು ಪೂರ್ತಿ ಹಾಳೆಯ ಮೇಲೆ ಊರುತ್ತದೆ, ಏನೂ ಒತ್ತಿಹೋಗುವುದಿಲ್ಲ. ಬೆರಳು ಜಾರಿಕೊಂಡು ಬಂದು ತನಗೆ ಬೇಕಾದ ತೂತಿನಲ್ಲಿ ಇಳಿಯುತ್ತದೆ. ಅದುವರೆಗೂ ಗಾಳಿಯಲ್ಲಿ ಕೈ ಹಿಡಿದು ಬೆವರುತ್ತಿದ್ದ ಮಕ್ಕಳ ಭುಜ ಆಗ ಸಡಿಲವಾಗುವುದನ್ನು ನೋಡಬೇಕು.

ಬೆರಳಿನಿಂದ ಆಗುವುದೇ ಇಲ್ಲವಾದರೆ ಒಂದೇ ಗುಂಡಿಯ ಸ್ವಿಚ್ ಇದೆ. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ ಸಾಲು ಬಂದಾಗ ಒಮ್ಮೆ, ಅಕ್ಷರ ಬಂದಾಗ ಇನ್ನೊಮ್ಮೆ ಒತ್ತಬೇಕು. ಆಂಡ್ರಾಯ್ಡ್ ಫೋನಿನಲ್ಲೂ ಸ್ವಿಚ್ ಬಳಸುವ ಸೌಲಭ್ಯವಿದೆ. ಆದರೆ ಲೆಕ್ಕ ಹಾಕು: ‘ಸ್ತ್ರೀ’ ಅನ್ನುವ ಒಂದಕ್ಷರಕ್ಕೆ ಸ, ಒತ್ತಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಈಕಾರ ಅಂತ ಆರು ಆಯ್ಕೆ, 12 ಸಲ ಒತ್ತುವಿಕೆ. ಹಾಗಾಗಿ ಮುಂದಿನ ಪದವನ್ನು ತಾನೇ ಸೂಚಿಸುವ ವ್ಯವಸ್ಥೆ ಇಲ್ಲದೆ ಕನ್ನಡದ ಮಕ್ಕಳಿಗೆ ಸ್ವಿಚ್ ಕೊಡುವುದು ಅನ್ಯಾಯ. ಮಾತಾಡಿ ಟೈಪ್ ಮಾಡುವ ಸೌಲಭ್ಯ ಕನ್ನಡಕ್ಕೆ 2017ರಲ್ಲೇ ಗೂಗಲ್‌ನಿಂದ ಬಂತು, ನಿಜ. ಆದರೆ ನಿನ್ನ ಮಗನಂತೆ ತೊದಲುವವರ ಮಾತು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಅವನು ‘ನನಗೆ’ ಅಂತ ಬರೆಯುವಷ್ಟರಲ್ಲಿ ‘ನೀರು ಬೇಕಾ ಕಂದಾ’ ಅಂತ ಎದ್ದುಬಿಡುತ್ತೀಯಲ್ಲ, ಅದನ್ನು ಬಿಡು. ಅವನು ಬರೆಯಹೊರಟದ್ದು ನೀರಿನ ವಿಷಯ ಅಲ್ಲದಿರಬಹುದು.

ಮುಂದಿನ ವರ್ಷ ಅವನಿಗೆ ಎಸ್ಸೆಸ್ಸೆಲ್ಸಿ. ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿದ್ದವರಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಪರೀಕ್ಷಾ ಮಾರ್ಗಸೂಚಿಯಲ್ಲಿ ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಯೂ ಇತ್ತು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಇತ್ತು. ಕಂಪ್ಯೂಟರನ್ನು ಹಿಂದಿನ ದಿನವೇ ಹೋಗಿ ಪರೀಕ್ಷಿಸಿಕೊಳ್ಳಬಹುದಿತ್ತು. ಈಗಿನ ನಿಯಮವೇನೆಂದು ವಿಚಾರಿಸಿಕೊಂಡು, ಇದನ್ನೆಲ್ಲ ಈಗಲೇ ಅರ್ಜಿಯಲ್ಲಿ ಬರೆದು ಹೆಡ್‌ಮಾಸ್ಟರಿಗೆ ಕೊಡು, ಸ್ವೀಕೃತಿ ಪಡೆದುಕೋ. ಅರ್ಜಿಯನ್ನು ಅವನ ಕೈಯಲ್ಲೇ ಟೈಪ್ ಮಾಡಿಸು.