ಊರಿನ ಹೆಸರೇ ಬೆಳೆಗಾರನ ಆಸ್ತಿ: ಶಾಬ್ಲಿ ದ್ರಾಕ್ಷಿ ತೋಟಗಳ ಪಾಠ

ಕಾಫಿಯಾಗಲಿ, ಅಡಿಕೆಯಾಗಲಿ, ನಾವು ಬೆಳೆದ ಮಾಲು ವ್ಯಾಪಾರಿಯ ಗೋದಾಮು ಸೇರಿದ ಮೇಲೆ ಅದರ ಮೇಲೆ ನಮ್ಮ ಊರಿನ ಹೆಸರು ಉಳಿಯುವುದು ಅಪರೂಪ. ಹೀಗಿರುವಾಗ, ಊರಿನ ಹೆಸರನ್ನೇ ಆಸ್ತಿ ಮಾಡಿಕೊಂಡ ಫ್ರಾನ್ಸಿನ ಬೆಳೆಗಾರರ ಅನುಭವವನ್ನು ನಮ್ಮ ಸದಸ್ಯ ಬಾಂಧವರು ತಿಳಿಯುವುದು ಉಪಯುಕ್ತ. ಆ ಊರು ಶಾಬ್ಲಿ.

ಸ್ಥಳ, ಮಣ್ಣು, ತಳಿ

ಶಾಬ್ಲಿ ಇರುವುದು ಬರ್ಗಂಡಿ ಪ್ರಾಂತದಲ್ಲಿ, ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 180 ಕಿ.ಮೀ. ದೂರದಲ್ಲಿ. ಶಾಬ್ಲಿ ವೈನಿಗೆ ಶಾರ್ಡನೆ ಎಂಬ ಒಂದೇ ಬಿಳಿ ದ್ರಾಕ್ಷಿ ತಳಿ. ಮಣ್ಣು ಸುಣ್ಣಕಲ್ಲು ಬೆರೆತ ಜೇಡಿ. ಹಿಂದೆ ಸಮುದ್ರವಿದ್ದ ಜಾಗವಾದ್ದರಿಂದ ಅದರಲ್ಲಿ ಸಣ್ಣ ಸಿಂಪಿಗಳ ಪಳೆಯುಳಿಕೆ ಸಿಗುತ್ತದೆ.

ಹಣ್ಣನ್ನು ಹಿಂಡಿ ತೆಗೆದ ರಸವನ್ನು ಹುಳಿಯಲು ಬಿಡುತ್ತಾರೆ. ರಸದ ಸಕ್ಕರೆಯೆಲ್ಲ ಬಹುಮಟ್ಟಿಗೆ ಮದ್ಯಸಾರವಾಗುವುದರಿಂದ ಸಿಹಿ ಉಳಿಯುವುದಿಲ್ಲ. ಇಂಥದನ್ನು ‘ಡ್ರೈ’ ವೈನು ಎನ್ನುತ್ತಾರೆ. ಸಿಹಿಯ ಮರೆಯಿಲ್ಲದ ಕಾರಣ ಹಣ್ಣಿನ ದೋಷ ಬೇಗ ಬಯಲಾಗುತ್ತದೆ.

ತೋಟದ ಜಾಗವನ್ನು ನೋಡಿ ನಾಲ್ಕು ದರ್ಜೆ ಮಾಡಿದ್ದಾರೆ: ಪೆಟಿ ಶಾಬ್ಲಿ, ಶಾಬ್ಲಿ, ಪ್ರೀಮಿಯೆ ಕ್ರು, ಗ್ರಾಂ ಕ್ರು. ಅತ್ಯುತ್ತಮವಾದ ಗ್ರಾಂ ಕ್ರು ತೋಟಗಳೆಲ್ಲ ಸೇರಿ ಸುಮಾರು 100 ಹೆಕ್ಟೇರು ಮಾತ್ರ.

ಹಿಮದ ಕಾಟ

ಏಪ್ರಿಲ್ ತಿಂಗಳಲ್ಲಿ ಚಿಗುರೊಡೆದಾಗ ಹಿಮ ಬಿದ್ದರೆ ವರ್ಷದ ಫಸಲೇ ಹೋಗಬಹುದು. 1957ರಲ್ಲಿ ಬಹುಪಾಲು ಬೆಳೆ ನಾಶವಾಯಿತು. 2021ರಲ್ಲೂ ಭಾರಿ ನಷ್ಟವಾಯಿತು. ನಾವು ಕಾಫಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುತ್ತೇವೆ. ಅಲ್ಲಿ ಚಿಗುರನ್ನು ಹಿಮದಿಂದ ಉಳಿಸಲು ಹಾಕುತ್ತಾರೆ. ಚಿಗುರಿನ ಮೇಲೆ ಬಿದ್ದ ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ. ಇದರಿಂದ ಒಳಗಿನ ಚಿಗುರು ಸುಮಾರು 0 ಡಿಗ್ರಿಯಲ್ಲೇ ಉಳಿದು ಬದುಕುತ್ತದೆ. ಆದರೆ ಹಿಮ ಕರಗುವವರೆಗೆ ನೀರು ನಿಲ್ಲಬಾರದು. ನಡುವೆ ನಿಂತರೆ ಹಾನಿ ಹೆಚ್ಚು. ಆದ್ದರಿಂದ ಮನೆಮಂದಿ ರಾತ್ರಿಯಿಡೀ ಎದ್ದಿರಬೇಕಾಗುತ್ತದೆ.

ಬಿದ್ದು ಎದ್ದ ಬಗೆ

ರೈಲು ಬಂದ ಮೇಲೆ ದಕ್ಷಿಣದ ಅಗ್ಗದ ವೈನು ಪ್ಯಾರಿಸ್ಸಿಗೆ ನುಗ್ಗಿತು. 19ನೇ ಶತಮಾನದ ಕೊನೆಯಲ್ಲಿ ಬೇರು ಕೊರೆಯುವ ಫಿಲಾಕ್ಸೆರಾ ಕೀಟ ತೋಟಗಳನ್ನು ನೆಲಸಮ ಮಾಡಿತು. ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ಮತ್ತೆ ನೆಡಬೇಕಾಯಿತು. 1950ರ ದಶಕದಲ್ಲಿ ಉಳಿದಿದ್ದ ತೋಟ ಸುಮಾರು 500 ಹೆಕ್ಟೇರು. ಇಂದು 5,000 ಹೆಕ್ಟೇರನ್ನು ಮೀರಿದೆ.

ಈ ಏಳಿಗೆಗೆ ಎರಡು ಆಸರೆಗಳಿದ್ದವು. ಮೊದಲನೆಯದು, 1923ರಲ್ಲಿ ಹುಟ್ಟಿದ ಲಾ ಶಾಬ್ಲಿಸಿಯೆನ್ ಎಂಬ ಸಹಕಾರ ಸಂಘ. ಸುಮಾರು 300 ಬೆಳೆಗಾರರ ಈ ಸಂಘ ಇಂದು ಶಾಬ್ಲಿಯ ಕಾಲುಭಾಗದಷ್ಟು ವೈನು ತಯಾರಿಸುತ್ತದೆ. ಎರಡನೆಯದು, 1938ರ ಕಾನೂನು. ಗುರುತಿಸಿದ ಭೂಮಿಯಲ್ಲಿ, ಗೊತ್ತುಪಡಿಸಿದ ತಳಿಯಿಂದ, ಇಳುವರಿಯ ಮಿತಿಯೊಳಗೆ ಬೆಳೆದದ್ದಕ್ಕೆ ಮಾತ್ರ ಶಾಬ್ಲಿ ಎಂಬ ಹೆಸರು ಸಲ್ಲುತ್ತದೆ.

ಸಣ್ಣ ಹಿಡುವಳಿಗೂ ಇದರಿಂದ ಬೆಲೆ ಬಂದಿದೆ. ಫ್ರಾಂಸುವಾ ರಾವೆನೊ 1948ರಲ್ಲಿ ಕಟ್ಟಿದ ಮನೆತನದ ತೋಟ ಇಂದಿಗೂ ಹತ್ತು ಹೆಕ್ಟೇರಿನ ಆಸುಪಾಸಿನದು. ಅದರ ವೈನು ಅತಿ ದುಬಾರಿ ಶಾಬ್ಲಿಗಳಲ್ಲಿ ಒಂದು. ಆದರೆ ಫ್ರಾನ್ಸಿನ ಕಾನೂನು ನಡೆಯದ ಅಮೆರಿಕದಲ್ಲಿ, ಯಾವುದೋ ದ್ರಾಕ್ಷಿಯ ಅಗ್ಗದ ಬಿಳಿ ವೈನನ್ನು ದಶಕಗಳ ಕಾಲ ಶಾಬ್ಲಿ ಎಂದೇ ಮಾರಿದರು. ಕಾಯದ ಹೆಸರು ಯಾರದೋ ಪಾಲಾಗುತ್ತದೆ.

ನಾವು ಗಮನಿಸಬೇಕಾದದ್ದು

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕ ದೊರೆತಿದೆ. ಇದು ಶಾಬ್ಲಿಗೆ 1938ರಲ್ಲಿ ದೊರೆತಂಥದೇ ರಕ್ಷಣೆ. ಆದರೆ ನೋಂದಣಿ ಪತ್ರವೊಂದರಿಂದಲೇ ಬೆಲೆ ಬರುವುದಿಲ್ಲ.

1. ಹಣ್ಣಾದ ಕಾಫಿಯನ್ನೇ ಆರಿಸಿ ಕೊಯ್ಯುವುದು. ಅಡಿಕೆಯನ್ನು ಚೆನ್ನಾಗಿ ಒಣಗಿಸಿ ದರ್ಜೆವಾರು ಬೇರ್ಪಡಿಸುವುದು.

2. ಹೊರಗಿನ ಮಾಲನ್ನು ನಮ್ಮ ಊರಿನ ಹೆಸರಿನಲ್ಲಿ ಬೆರೆಸಲು ಬಿಡದಿರುವುದು.

3. ಒಬ್ಬೊಬ್ಬರೇ ಮಾಡಲಾಗದ ಪರೀಕ್ಷೆ, ದಾಸ್ತಾನು, ಮಾರಾಟಗಳನ್ನು ಸಂಘದ ಮೂಲಕ ಮಾಡುವುದು.

ಒಬ್ಬ ಬೆಳೆಗಾರ ಕಲಬೆರಕೆ ಮಾಡಿದರೆ ಕೆಡುವುದು ಊರಿನವರೆಲ್ಲರ ಹೆಸರು; ಒಬ್ಬ ಒಳ್ಳೆಯ ಮಾಲು ಕೊಟ್ಟರೆ ಅದರ ಲಾಭವೂ ಎಲ್ಲರಿಗೆ.