ಬೋ ಜಾಕ್ಸನ್‌ನನ್ನು ತಡೆಯುವುದು ಹೇಗೆ?

ಅಮೆರಿಕದ ಫುಟ್‌ಬಾಲ್ ನಾವು ಕಾಲಲ್ಲಿ ಒದೆಯೋ ಆಟ ಅಲ್ಲ. ಅಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ. ನಾಲ್ಕು ಸಲದೊಳಗೆ 10 ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಈ ಆಟದ ಮೇಲೆ ಜಪಾನಿನ ಟೆಕ್ಮೊ ಕಂಪನಿ 1991ರಲ್ಲಿ 'ಟೆಕ್ಮೊ ಸೂಪರ್ ಬೌಲ್' ಎಂಬ ವಿಡಿಯೋ ಗೇಮ್ ತಂದಿತು. ಅದರಲ್ಲಿ ಬೋ ಜಾಕ್ಸನ್ ಎಂಬ ಆಟಗಾರ ಚೆಂಡು ಹಿಡಿದು ಓಡಿದರೆ ಮುಗೀತು, ಹಿಡಿಯೋದು ಬಲು ಕಷ್ಟ!

ಅವನನ್ನು ಚೆಂಡು ಕದಲುವ ಮೊದಲೇ ತಡೆಯಬೇಕು. ದಾಳಿ ಮಾಡುವವರಿಗೆ 8 ತಂತ್ರಗಳಿವೆ: ಓಟದ್ದು 4, ಎಸೆತದ್ದು 4. ಅವರು ಯಾವುದನ್ನು ಆರಿಸಿದರೋ ಅದನ್ನೇ ನಾವೂ ಊಹಿಸಿ ಒತ್ತಿದರೆ, ನಮ್ಮವರು ಸಾಲು ಮುರಿದು ನುಗ್ಗುತ್ತಾರೆ. ಇದು ಬರೀ ಅದೃಷ್ಟ ಅಲ್ಲ. ಒಂದೇ ಗಜ ಉಳಿದಿದ್ದರೆ ಓಟವೇ ಬರೋದು ಹೆಚ್ಚು.

ಊಹೆ ತಪ್ಪಿದರೆ? 11 ಮಂದಿಯಲ್ಲಿ ನಮ್ಮ ಕೈಯಲ್ಲಿ ಇರೋದು ಒಬ್ಬನೇ, ಉಳಿದವರನ್ನು ಯಂತ್ರ ಆಡಿಸುತ್ತದೆ. ಆ ಒಬ್ಬನನ್ನು ಹಿಂದಿನ ಸಾಲಿನಿಂದ ಆರಿಸಿಕೊಳ್ಳಿ; ಮುಂದಿನವರು ತಳ್ಳಾಟದಲ್ಲೇ ಸಿಕ್ಕಿಬೀಳುತ್ತಾರೆ. ಬೆನ್ನಟ್ಟಬೇಡಿ, ಓರೆಯಾಗಿ ಓಡಿ ದಾರಿ ಕಟ್ಟಿ. ಕಬಡ್ಡಿಯಲ್ಲಿ ರೈಡರ್‌ಗೂ ನಡುಗೆರೆಗೂ ಮಧ್ಯೆ ನುಗ್ಗುತ್ತೇವಲ್ಲ, ಹಾಗೆ. ಮೈದಾನದ ಅಂಚಿಗೆ ದೂಡಿದರೆ ಇನ್ನೂ ಒಳ್ಳೇದು. ಗೆರೆ ದಾಟಿದ ಕೂಡಲೇ ಅವನ ಓಟ ನಿಂತಂತೆ.