ಓಣಿಯ ಹುಡುಗರು, ಬೀಟ್ ಪೊಲೀಸರು: ಜೊತೆಯಾಗಿ ಕೆಲಸ ಶುರು ಮಾಡುವುದು ಹೇಗೆ?

ಓಣಿಯಲ್ಲಿ ಎರಡು ಬೈಕ್ ಕಳುವಾದರೆ ಸಾಕು, ಮರುದಿನವೇ ಯುವಕರ ತಂಡವೊಂದು ಹುಟ್ಟುತ್ತದೆ. ವಾಟ್ಸ್‌ಆ್ಯಪ್ ಗ್ರೂಪ್ ಆಗುತ್ತದೆ, ಟಿ-ಶರ್ಟಿಗೆ ಅಳತೆ ಕೊಟ್ಟಾಗುತ್ತದೆ, ಪಿಎಸ್‌ಐ ಫೋಟೊ ಪಕ್ಕ ತಮ್ಮ ಫೋಟೊ ಹಾಕಿಸಿ ಫ್ಲೆಕ್ಸ್ ಕಟ್ಟಿದ್ದೂ ಆಗುತ್ತದೆ. ಆದರೆ ಆ ಓಣಿಯ ಬೀಟ್ ಕಾನ್‌ಸ್ಟೆಬಲ್ ಯಾರೆಂದು ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಎಲ್ಲ ಕಡೆಯೂ ಇದೇ ಕಥೆ. ಶುರುವಾಗಬೇಕಾದದ್ದು ಆ ಹೆಸರಿನಿಂದ. ಫ್ಲೆಕ್ಸ್ ಬೇಡವೇ ಬೇಡ.

ರಾಜ್ಯದಲ್ಲಿ 2017ರಿಂದ ಸುಧಾರಿತ ಗಸ್ತು ವ್ಯವಸ್ಥೆ ಇದೆ. ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೂ ಸಿಬ್ಬಂದಿಯನ್ನು ಹೊಣೆ ಮಾಡಿ, ಅಲ್ಲಿಯ ನಾಗರಿಕರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದು ಅದರ ಕ್ರಮ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಕೂಡ ಬಂತು. ಹಾಗಾಗಿ ಹೊಸ ಸಂಘ ಕಟ್ಟಿ ನೋಂದಣಿಗೆ ಓಡಾಡುವ ಅಗತ್ಯವಿಲ್ಲ. ಬೀಟ್ ಸಮಿತಿಗೆ ಹೆಸರು ಬರೆಸಿ.

ಅದಕ್ಕೆ ಮೊದಲು ನಿಮ್ಮ ಮನೆ ಯಾವ ಠಾಣೆಗೆ ಸೇರುತ್ತದೆಂದು ಖಚಿತ ಮಾಡಿಕೊಳ್ಳಿ. ಬಳ್ಳಾರಿಯಲ್ಲಿ ಬ್ರೂಸ್‌ಪೇಟೆ, ಕೌಲ್‌ಬಜಾರ್, ಗಾಂಧಿನಗರ, ಎಪಿಎಂಸಿ ಯಾರ್ಡ್, ಗ್ರಾಮೀಣ ಎಂದು ಠಾಣೆಗಳು ಹಲವು; ಹತ್ತಿರದ್ದೇ ನಿಮ್ಮದಾಗಿರಬೇಕೆಂದಿಲ್ಲ. ಸಿರುಗುಪ್ಪ ತಾಲ್ಲೂಕಿನಲ್ಲೂ ತೆಕ್ಕಲಕೋಟೆ, ಹಚ್ಚೊಳ್ಳಿ, ಸಿರಿಗೇರಿಗೆ ಬೇರೆ ಬೇರೆ ಠಾಣೆಗಳಿವೆ. (ದೂರಿನ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ದೂರನ್ನು ಸರಹದ್ದು ನೋಡದೆ ಯಾವ ಠಾಣೆಯಾದರೂ ತೆಗೆದುಕೊಳ್ಳಬೇಕು.) ಬೆಳಗಿನ ಹಾಜರಿ ಹೊತ್ತಿಗೆ ಹೋಗಿ. ಜಾತ್ರೆ, ಮಂತ್ರಿಗಳ ಬಂದೋಬಸ್ತ್ ಇದ್ದ ದಿನ ಹೋಗಿ ‘ಠಾಣೆಯಲ್ಲಿ ಯಾರೂ ಮಾತಾಡಿಸಲಿಲ್ಲ’ ಎಂದು ಮುನಿಸಿಕೊಳ್ಳಬೇಡಿ.

ತಂಡದಲ್ಲಿ ಹತ್ತು ಜನರಿದ್ದರೆ ಹೆಚ್ಚಾಯಿತು. ಎಲ್ಲರಿಗೂ 18 ತುಂಬಿರಲಿ, ಹೆಣ್ಣುಮಕ್ಕಳು ಇರಲಿ, ಬೇರೆ ಬೇರೆ ಕೇರಿಯವರಿರಲಿ. ಪಕ್ಷದ ಕಾರ್ಯಕರ್ತರನ್ನು ಮುಂದೆ ಬಿಟ್ಟುಕೊಂಡರೆ ಆರು ತಿಂಗಳಲ್ಲಿ ತಂಡ ಎರಡಾಗುತ್ತದೆ. ನನ್ನನ್ನು ಕೇಳಿದರೆ, ಕಾಲೇಜು ಹುಡುಗರಿಗಿಂತ ರಾತ್ರಿ ಎಚ್ಚರ ಇರುವವರೇ ಬೇಕು: ಜೀನ್ಸ್ ಹೊಲಿಗೆ ಘಟಕದಿಂದ ತಡವಾಗಿ ಬರುವವರು, ಆಟೊದವರು, ಸಿರುಗುಪ್ಪದ ಅಕ್ಕಿ ಗಿರಣಿಗಳ ಹಮಾಲರು, ಕುರುಗೋಡಿನ ಕಡೆ ಮೆಣಸಿನಕಾಯಿ ಕಣ ಕಾಯುವವರು.

ಆಮೇಲೆ ಒಂದು ಸಂಜೆ ಕತ್ತಲಾದ ಮೇಲೆ ಬೀಟ್‌ನವರ ಜೊತೆ ಓಣಿ ಸುತ್ತಿ, ಉರಿಯದ ದೀಪ, ಪಾಳು ಮನೆ, ಕೆಟ್ಟ ಸಿಸಿ ಕ್ಯಾಮೆರಾ ಎಲ್ಲಿದೆ ಎಂದು ಬರೆದುಕೊಳ್ಳಿ. ದೀಪ ಪೊಲೀಸರ ಕೆಲಸವಲ್ಲ. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆಗೆ, ಸಿರುಗುಪ್ಪದಲ್ಲಿ ನಗರಸಭೆಗೆ, ಕುರುಗೋಡಿನಲ್ಲಿ ಪುರಸಭೆಗೆ ಕಂಬದ ಗುರುತು ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಂತಿ ಜೋತುಬಿದ್ದಿದ್ದರೆ ಜೆಸ್ಕಾಂಗೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಅಪರಿಚಿತರು ಕಂಡ ತಕ್ಷಣ ಮೊಬೈಲಿನಲ್ಲಿ ಫೋಟೊ ಹಿಡಿದು, ‘ಇವರು ಕಂಡರೆ ಹಿಡಿಯಿರಿ’ ಎಂದು ಗ್ರೂಪಿಗೆ ಹಾಕುವುದು. ಒಂದು ಗ್ರೂಪಿನಿಂದ ಹತ್ತು ಗ್ರೂಪಿಗೆ ಹೋಗುವಷ್ಟರಲ್ಲಿ ‘ಅಪರಿಚಿತರು’ ಹೋಗಿ ‘ಮಕ್ಕಳ ಕಳ್ಳರು’ ಆಗಿರುತ್ತಾರೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆಗಿದ್ದು ಇದೇ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನಪಟ್ಟವರ ಸಂದೇಶ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತು. ಅಲ್ಲಿ ರಸ್ತೆ ಅಡ್ಡಗಟ್ಟಿದರು. ಯುವ ಎಂಜಿನಿಯರ್ ಒಬ್ಬರು ಸತ್ತರು, ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ. ನಮ್ಮದು ಗಡಿ ಸೀಮೆ. ಆದೋನಿ, ಕರ್ನೂಲು, ಅನಂತಪುರದ ಕಡೆಯಿಂದ ಕೂಲಿಗೆ, ವ್ಯಾಪಾರಕ್ಕೆ ದಿನವೂ ಜನ ಬಂದು ಹೋಗುತ್ತಾರೆ. ‘ಯಾವೂರ್ಲೇ ನಿಂದು?’ ಎಂದು ಕೇಳಿದ್ದಕ್ಕೆ ತೆಲುಗಿನಲ್ಲೋ ಉರ್ದುವಿನಲ್ಲೋ ಉತ್ತರ ಬಂದರೆ ಅದು ಅಪರಾಧವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅನುಮಾನ ಬಂದರೆ ಗ್ರೂಪಿಗಲ್ಲ, ಬೀಟ್‌ನವರಿಗೆ ಒಬ್ಬರೇ ಫೋನ್ ಮಾಡಿ. ತುರ್ತಾಗಿದ್ದರೆ 112. ‘ಬೇಗ ಬರ್ರಿ’ ಎಂದು ಕೂಗಿ ಇಟ್ಟುಬಿಡಬೇಡಿ. ಊರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆ, ಎಷ್ಟು ಜನ, ಗಾಡಿ ನಂಬರು, ಯಾವ ಕಡೆ ಹೋದರು ಎಂಬುದನ್ನು ಹೇಳಿ ಮುಗಿಸಿ. ತಿರುಗಿ ಬರುವ ಕರೆಯನ್ನು ಎತ್ತಿ. ಗ್ರೂಪ್ ಇಟ್ಟುಕೊಳ್ಳಲೇಬೇಕೆಂದರೆ ಅದರಲ್ಲಿ ಬೀಟ್‌ನವರನ್ನು ಸೇರಿಸಿ, ಸಭೆಯ ದಿನ, ದೀಪದ ಅರ್ಜಿಯಂಥ ವಿಷಯಕ್ಕೆ ಮಾತ್ರ ಬಳಸಿ. ಲೈಂಗಿಕ ಅಪರಾಧಕ್ಕೆ ಒಳಗಾದವರ ಹೆಸರು, ಫೋಟೊ ಹಾಕಿದರೆ ನಿಮ್ಮ ಮೇಲೆಯೇ ಪ್ರಕರಣ ದಾಖಲಾಗುತ್ತದೆ.

ಲಾಠಿ ಹಿಡಿದು ರಾತ್ರಿ ಗಾಡಿ ತಡೆಯುವುದೂ ಬೇಡ. 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆಯೇನೋ ಇದೆ, ಆದರೆ ಅದು ನೇಮಕವಾದವರಿಗೆ. ಸಮವಸ್ತ್ರದ ಆಸೆಯಿದ್ದರೆ ಗೃಹರಕ್ಷಕ ದಳಕ್ಕೆ ಅರ್ಜಿ ಹಾಕಿ. ಕಣ್ಣೆದುರೇ ಜಾಮೀನಿಲ್ಲದ ಸಂಜ್ಞೇಯ ಅಪರಾಧ ನಡೆದರೆ ಸಾಮಾನ್ಯರೂ ಆರೋಪಿಯನ್ನು ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಆರೋಪಿಗಳ ಪಟ್ಟಿಗೆ ನೀವೂ ಸೇರುತ್ತೀರಿ.

ಸೈಬರ್ ವಂಚನೆಯ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಜಾಗವಿಲ್ಲ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ, ಆಮೇಲೆ ಬಳ್ಳಾರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ಕಮಿಷನ್ ಆಸೆಗೆ ಬ್ಯಾಂಕ್ ಖಾತೆ, ಸಿಮ್ ಯಾರಿಗೂ ಕೊಡಬೇಡಿ. ಬೇರೆ ರಾಜ್ಯದ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಮಕ್ಕಳ ವಿಷಯಕ್ಕೆ 1098, ಮಹಿಳೆಯರಿಗೆ 181. ಬೀಟ್‌ನವರಿಗೆ ವರ್ಗವಾದರೆ ಹೊಸಬರ ನಂಬರ್ ಅದೇ ವಾರ ಬರೆದುಕೊಳ್ಳಿ.